ಹಿತ್ತಲ ಗ್ಯಾರೇಜಿನಲ್ಲಿ ಅಮ್ಮನಿಗೊಂದು ಕೋಣೆ: ಇಂಗ್ಲೆಂಡಿನ ಒಂದು ಮಾದರಿ ಪ್ರಕರಣ

"ಎತ್ತರ ಎರಡೂವರೆ ಮೀಟರ್ ದಾಟದಿದ್ದರೆ ಪರ್ಮಿಷನ್ ಬೇಡ." ಇಂಗ್ಲೆಂಡಿನಲ್ಲಿ ಹಿತ್ತಲಿರುವ ಮನೆ ಕೊಂಡವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಬಿಲ್ಡರ್ ಹೇಳುತ್ತಾನೆ, ಪಕ್ಕದ ಮನೆಯವರು ಹೇಳುತ್ತಾರೆ, ಶೆಡ್ ಮಾರುವವರ ಬ್ರೋಷರೂ ಅದನ್ನೇ ಹೇಳುತ್ತದೆ. ಮಾತು ಸುಳ್ಳಲ್ಲ, ಆದರೆ ಅದು ಕಟ್ಟಡದ ಅಳತೆಗೆ ಸಂಬಂಧಪಟ್ಟದ್ದು. ಒಳಗೆ ಮಂಚ ಹಾಕಿದ ಮೇಲೆ ಲೆಕ್ಕವೇ ಬೇರೆ. ಎಲ್ಲಿ ಏನು ಕಟ್ಟಬಹುದು, ಹೇಗೆ ಬಳಸಬಹುದು ಎಂದು ತೀರ್ಮಾನಿಸುವ ಪ್ಲ್ಯಾನಿಂಗ್‌ನವರು ಕೇಳುವುದು "ಯಾರು, ಯಾತಕ್ಕೆ ಬಳಸುತ್ತಾರೆ" ಎಂದು. ಕಟ್ಟಡದ ಸುರಕ್ಷತೆ, ಗುಣಮಟ್ಟ ನೋಡುವ ಬಿಲ್ಡಿಂಗ್ ಕಂಟ್ರೋಲ್ ಕೇಳುವುದು "ಯಾರಾದರೂ ಮಲಗುತ್ತಾರೆಯೇ" ಎಂದು. ಮನೆಗಂದಾಯ ಹಾಕುವ ಕೌನ್ಸಿಲ್ ಟ್ಯಾಕ್ಸ್‌ನವರು ಕೇಳುವುದು "ಇಷ್ಟರಲ್ಲೇ ಒಬ್ಬರು ಬದುಕಬಹುದೇ" ಎಂದು. ಮೂರೂ ಬೇರೆ ಬೇರೆ ಪ್ರಶ್ನೆ. ಒಂದಕ್ಕೆ ಸಿಕ್ಕ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಇದು ಯಾವುದೋ ಒಂದು ಮನೆಯ ವರದಿ ಅಲ್ಲ. ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಅಳತೆ, ಎಡವಟ್ಟುಗಳನ್ನು ಒಂದೇ ಮನೆಯ ಮೇಲೆ ಕೂರಿಸಿದ ಮಾದರಿ. ನಿಯಮಗಳು ಇಂಗ್ಲೆಂಡಿನವು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಬೇರೆ.

ಮನೆ, ಗ್ಯಾರೇಜು, ಬೇಡಿಕೆ

1930ರ ದಶಕದ ಜೋಡಿಮನೆ. ಹಿತ್ತಲು 9 ಮೀಟರ್ ಅಗಲ, 25 ಮೀಟರ್ ಉದ್ದ. ಮನೆಯ ಹಿಂಗೋಡೆಯಿಂದ 18 ಮೀಟರ್ ಆಚೆ, ಎಡಗಡೆಯ ಬೇಲಿಗೆ 60 ಸೆಂಟಿಮೀಟರ್ ಹತ್ತಿರ, 1968ರಲ್ಲಿ ಹಿಂದಿನ ಮಾಲೀಕರು ಕಟ್ಟಿಸಿದ ಇಟ್ಟಿಗೆಯ ಗ್ಯಾರೇಜು. ಒಳಅಳತೆ 6 × 4 ಮೀಟರ್. ಅರ್ಧ ಇಟ್ಟಿಗೆಯ, ಅಂದರೆ 102 ಮಿಲಿಮೀಟರ್ ದಪ್ಪದ ಒಂಟಿ ಗೋಡೆ, ನಡುನಡುವೆ ಆಧಾರಕ್ಕೆ ದಪ್ಪ ಕಂಬ. ನೆಲಕ್ಕೆ 100 ಮಿಲಿಮೀಟರ್ ಕಾಂಕ್ರೀಟ್ ಸ್ಲ್ಯಾಬ್, ಅದರಡಿ ತೇವ ತಡೆಯುವ ಹಾಳೆ ಇಲ್ಲ. ಛಾವಣಿಗೆ ಆಸ್ಬೆಸ್ಟಾಸ್ ಸಿಮೆಂಟಿನ ಅಲೆಅಲೆ ಶೀಟು. ಒಟ್ಟು ಎತ್ತರ 2.45 ಮೀಟರ್.

ಬೇಡಿಕೆ: 71 ವಯಸ್ಸಿನ ತಾಯಿಗೆ ಮಲಗುವ ಕೋಣೆ, ಶವರ್, ಶೌಚಾಲಯ, ಸಾಧ್ಯವಾದರೆ ಪುಟ್ಟ ಅಡುಗೆಕಟ್ಟೆ. ಊಟ, ಬಟ್ಟೆ ಒಗೆತ, ಟಿವಿ ಎಲ್ಲ ದೊಡ್ಡ ಮನೆಯಲ್ಲೇ.

ಪ್ಲ್ಯಾನಿಂಗ್: ಕಟ್ಟುವುದಕ್ಕೊಂದು ನಿಯಮ, ಬಳಸುವುದಕ್ಕೊಂದು

ಆ ಎರಡೂವರೆ ಮೀಟರ್ ಮಾತಿನ ಮೂಲ 2015ರ ಜನರಲ್ ಪರ್ಮಿಟೆಡ್ ಡೆವಲಪ್‌ಮೆಂಟ್ ಆರ್ಡರ್, ಅಂದರೆ ಪ್ಲ್ಯಾನಿಂಗ್ ಅರ್ಜಿ ಇಲ್ಲದೆ ಏನೇನು ಕಟ್ಟಬಹುದೆಂದು ಹೇಳುವ ಆದೇಶ. ಅದರ 2ನೇ ಷೆಡ್ಯೂಲು, 1ನೇ ಭಾಗದ ಕ್ಲಾಸ್ ಇ ಹಿತ್ತಲ ಕಟ್ಟಡಗಳದ್ದು. ಒಂದೇ ಅಂತಸ್ತು, ಗಡಿಯಿಂದ 2 ಮೀಟರ್ ಒಳಗಿದ್ದರೆ ಎತ್ತರ 2.5 ಮೀಟರ್ ಮೀರಕೂಡದು, ದೂರವಿದ್ದರೆ ಎರಡಿಳಿಜಾರಿನ ಛಾವಣಿಗೆ 4, ಬೇರೆ ಥರದ್ದಕ್ಕೆ 3, ಸೂರಂಚು 2.5, ಮನೆಯ ಮುಂಗೋಡೆಗಿಂತ ಮುಂದೆ ಬರಕೂಡದು, ಮೂಲಮನೆ ನಿಂತ ಜಾಗ ಬಿಟ್ಟು ಉಳಿದ ಆವರಣದ ಅರ್ಧಕ್ಕಿಂತ ಹೆಚ್ಚು ಮುಚ್ಚಕೂಡದು. ಪಾರಂಪರಿಕವೆಂದು ಪಟ್ಟಿಗೆ ಸೇರಿದ ಲಿಸ್ಟೆಡ್ ಕಟ್ಟಡದ ಆವರಣಕ್ಕೂ ಫ್ಲ್ಯಾಟುಗಳಿಗೂ ಈ ಸವಲತ್ತಿಲ್ಲ.

ಇಷ್ಟೆಲ್ಲ ಹೊಂದಿದರೂ ಕಟ್ಟಡ 'ಇನ್ಸಿಡೆಂಟಲ್' ಉಪಯೋಗಕ್ಕೇ ಆಗಿರಬೇಕು. ಮನೆಯ ಬದುಕಿಗೆ ಜೊತೆಯಾಗುವಂಥದ್ದು: ಹತಾರ, ಸೈಕಲ್ಲು, ವ್ಯಾಯಾಮ, ಮನೆಯಿಂದ ಮಾಡುವ ಆಫೀಸು ಕೆಲಸ. ಮಲಗುವ ಕೋಣೆ, ಸ್ನಾನದ ಮನೆ, ಅಡುಗೆಮನೆಯಂಥ ಮೂಲ ವಾಸದ ಉಪಯೋಗ ಇದರಲ್ಲಿ ಬರುವುದಿಲ್ಲ ಎಂದು ಸರ್ಕಾರದ ತಾಂತ್ರಿಕ ಮಾರ್ಗದರ್ಶಿ ಸ್ಪಷ್ಟವಾಗಿಯೇ ಹೇಳುತ್ತದೆ. ಹಾಗಾಗಿ "ಗಾರ್ಡನ್ ರೂಮ್" ಎಂದು ಮಾರುವ ಹೊಸ ಮರದ ಕೋಣೆಯನ್ನು ಕ್ಲಾಸ್ ಇ ಅಡಿ ಕಟ್ಟಿಸಿ, ಮೊದಲ ದಿನವೇ ಅದರಲ್ಲಿ ಅಮ್ಮನನ್ನು ಮಲಗಿಸಿದರೆ ಅಳತೆ ಸರಿ, ಕಟ್ಟಡ ಅಕ್ರಮ.

ಆಗಲೇ ನಿಂತಿರುವ, ಕಾನೂನುಬದ್ಧವಾದ ಕಟ್ಟಡದ ಕಥೆ ಬೇರೆ. ಮನೆಯ ವಾಸದ್ದೇ ಒಂದು ತುಂಡು ಇನ್ನೊಂದು ಸೂರಿನಡಿ ನಡೆದರೆ ಅದನ್ನು 'ಆನ್ಸಿಲರಿ' ಎನ್ನುತ್ತಾರೆ. ಮನೆ ಮತ್ತು ಗ್ಯಾರೇಜು ಒಂದೇ ಪ್ಲ್ಯಾನಿಂಗ್ ಘಟಕವಾಗಿ ಉಳಿದರೆ ಉಪಯೋಗ ಬದಲಾಗಿಯೇ ಇಲ್ಲ ಎಂದರ್ಥ. 1990ರ ಟೌನ್ ಅಂಡ್ ಕಂಟ್ರಿ ಪ್ಲ್ಯಾನಿಂಗ್ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಹೊರನೋಟ ಗಣನೀಯವಾಗಿ ಬದಲಾಗದ ಒಳಗೆಲಸವೂ 'ಡೆವಲಪ್‌ಮೆಂಟ್' ಅಲ್ಲ. ವಯಸ್ಸಾದ ಬಂಧುವಿಗಾಗಿ ಗ್ಯಾರೇಜನ್ನು ಕೋಣೆ ಮಾಡಿದ ಅಟಲ್ಸ್‌ಫರ್ಡ್ ಪ್ರಕರಣ ಇಂದಿಗೂ ಎಲ್ಲರೂ ಉಲ್ಲೇಖಿಸುವ ತೀರ್ಪು: ಒಳಗೆ ಎಲ್ಲ ಸೌಕರ್ಯ ಇದ್ದ ಮಾತ್ರಕ್ಕೆ ಅದು ಬೇರೆ ಮನೆ ಆಗಿಬಿಡುವುದಿಲ್ಲ, ವಾಸ್ತವದಲ್ಲಿ ಹೇಗೆ ಬಳಸುತ್ತಾರೆ ಎನ್ನುವುದು ಮುಖ್ಯ.

ಬಳಕೆ ನಿಜವಾಗಿ ಆನ್ಸಿಲರಿಯೇ ಎಂಬುದಕ್ಕೆ ಅಧಿಕಾರಿ ನೋಡುವುದು ಸಣ್ಣಪುಟ್ಟ ಸಂಗತಿಗಳನ್ನೇ. ಊಟ ಎಲ್ಲಿ? ದಾರಿ ಯಾವುದು? ನಡುವೆ ಬೇಲಿ ಎದ್ದಿದೆಯೇ? ಬೇರೆ ಕರೆಂಟ್ ಮೀಟರು, ಬೇರೆ ಅಂಚೆಪೆಟ್ಟಿಗೆ, ಬೇರೆ ಡೋರ್ ನಂಬರ್ ಇದೆಯೇ? ನಕ್ಷೆಯಲ್ಲಿ "ಆನೆಕ್ಸ್" (ಮನೆಗೆ ಸೇರಿದ ಉಪಮನೆ) ಎಂದು ಬರೆದು ಪಕ್ಕದ ಓಣಿಯಿಂದ ಪ್ರತ್ಯೇಕ ಗೇಟು ತೋರಿಸಿದವರು ತಮ್ಮ ಅರ್ಜಿಯನ್ನು ತಾವೇ ಕೆಡಿಸಿಕೊಂಡಂತೆ.

ಒಳಗೆಲಸ ಮಾತ್ರ ಇದ್ದಿದ್ದರೆ ಅದೇ ಕಾಯ್ದೆಯ 192ನೇ ಸೆಕ್ಷನ್ನಿನ ಲಾಫುಲ್‌ನೆಸ್ ಸರ್ಟಿಫಿಕೇಟ್, ಅಂದರೆ ಮಾಡಲಿರುವ ಕೆಲಸ ಕಾನೂನುಬದ್ಧ ಎಂಬ ಪ್ರಮಾಣಪತ್ರ, ಸಾಕಿತ್ತು. ಶುಲ್ಕ ಪ್ಲ್ಯಾನಿಂಗ್ ಅರ್ಜಿಯ ಅರ್ಧ, ನೆರೆಯವರ ತಕರಾರಿಗೆ ಅಲ್ಲಿ ಬೆಲೆ ಇಲ್ಲ, ಏಕೆಂದರೆ ಕಾನೂನಿಗೆ ಹೊಂದುತ್ತದೋ ಇಲ್ಲವೋ ಅಷ್ಟೇ ಪ್ರಶ್ನೆ. ಈ ಮನೆಗೆ ಆ ದಾರಿ ಮುಚ್ಚಿತ್ತು. ಆಸ್ಬೆಸ್ಟಾಸ್ ತೆಗೆದು ಹೊಸ ಛಾವಣಿ ಹಾಕಲೇಬೇಕು, ಗ್ಯಾರೇಜಿನ ಎತ್ತುವ ಬಾಗಿಲು ತೆಗೆದು ಗೋಡೆ, ಕಿಟಕಿ ಕೂರಿಸಬೇಕು. ಹೊರನೋಟ ಬದಲಾಗುತ್ತದೆ. ಛಾವಣಿಯ ಪದರ ಕೂಡಿಸಿದರೆ: ಗೋಡೆಯ ನೆತ್ತಿ 2.25 ಮೀಟರ್, ಅದರ ಮೇಲೆ 50 ಮಿಲಿಮೀಟರ್ ಪಟ್ಟಿ, 145ರ ತೊಲೆ, ನೀರು ಹರಿಯಲು 1:40ರ ಇಳಿಜಾರಿಗೆ 100, ಹಲಗೆ 18, ಇನ್ಸುಲೇಷನ್ 140, ಮೇಲ್ಹಲಗೆ 18. ಒಟ್ಟು 2.72 ಮೀಟರ್. ಬೇಲಿ 60 ಸೆಂಟಿಮೀಟರ್ ದೂರದಲ್ಲಿರುವಾಗ ಕ್ಲಾಸ್ ಇ ಮಿತಿಯೂ ದಾಟಿತು.

ಆದ್ದರಿಂದ ಹೌಸ್‌ಹೋಲ್ಡರ್ ಪ್ಲ್ಯಾನಿಂಗ್ ಅರ್ಜಿ, ಅಂದರೆ ಇರುವ ಮನೆಯ ಬದಲಾವಣೆಗೆ ಹಾಕುವ ಅರ್ಜಿ. ತೀರ್ಮಾನದ ಅವಧಿ 8 ವಾರ. ವಿವರಣೆಯಲ್ಲಿ ಛಾವಣಿ, ಮುಂಗೋಡೆಯ ಜೊತೆ "ಮನೆಗೆ ಆನ್ಸಿಲರಿಯಾದ ವಾಸ" ಎಂದೂ ಬರೆಯಬೇಕು. ಬರೀ "ಗ್ಯಾರೇಜಿನ ಛಾವಣಿ ಬದಲಾವಣೆ" ಎಂದು ಒಪ್ಪಿಗೆ ಪಡೆದರೆ ಮಂಚದ ಪ್ರಶ್ನೆ ಹಾಗೇ ಉಳಿಯುತ್ತದೆ. ಒಪ್ಪಿಗೆಯ ಜೊತೆ ಸಾಮಾನ್ಯವಾಗಿ ಒಂದು ಷರತ್ತು ಬರುತ್ತದೆ: ಮನೆಗೆ ಆನ್ಸಿಲರಿಯಾಗಿ ಮಾತ್ರ ಬಳಸತಕ್ಕದ್ದು, ಬೇರೆಯಾಗಿ ಬಾಡಿಗೆಗೆ ಕೊಡುವಂತಿಲ್ಲ, ಮಾರುವಂತಿಲ್ಲ.

"ಸುಮ್ಮನೆ ಮಾಡಿ, ನಾಲ್ಕು ವರ್ಷ ಕಳೆದರೆ ಯಾರೂ ಕೇಳಲ್ಲ" ಎಂಬ ಸಲಹೆಗೂ ಈಗ ಅರ್ಥವಿಲ್ಲ. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ಆ ನಾಲ್ಕು ವರ್ಷ ಹತ್ತಾಗಿದೆ. ಅದಕ್ಕೆ ಮೊದಲೇ ಮುಗಿದಿದ್ದ ಕೆಲಸಕ್ಕೆ ಮಾತ್ರ ಹಳೆಯ ಲೆಕ್ಕ. ಬೇಕೆಂದೇ ಮುಚ್ಚಿಟ್ಟಿದ್ದರೆ ಹತ್ತು ವರ್ಷದ ರಕ್ಷಣೆಯೂ ದಕ್ಕಬೇಕೆಂದಿಲ್ಲ. ಹೊರಗೆ ಕಣಜದ ಹಾಗೆ ಕಾಣುವಂತೆ ಕಟ್ಟಿ ಒಳಗೆ ಸಂಸಾರ ಹೂಡಿದ ವೆಲ್ವಿನ್ ಹ್ಯಾಟ್‌ಫೀಲ್ಡ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಹಾಗೆಯೇ ತೀರ್ಪು ಕೊಟ್ಟಿತು. ಕಣ್ಣಿಗೆ ಬೀಳುವುದಿಲ್ಲ ಎನ್ನುವ ಧೈರ್ಯವೂ ಬೇಡ: 2013ರಲ್ಲಿ ಸ್ಲೌ ಪಟ್ಟಣದ ಮೇಲೆ ವಿಮಾನ ಹಾರಿಸಿ, ಶಾಖ ಹೊಮ್ಮಿಸುವ ಶೆಡ್ಡುಗಳನ್ನು ಉಷ್ಣಚಿತ್ರದಲ್ಲಿ ಹುಡುಕಿದ್ದಾರೆ.

ಬಿಲ್ಡಿಂಗ್ ಕಂಟ್ರೋಲ್: ಮಲಗಿದರೆ ವಿನಾಯಿತಿ ಹೋಯಿತು

15 ಚದರ ಮೀಟರ್ ಒಳಗಿನ ಬಿಡಿ ಕಟ್ಟಡಕ್ಕೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಅನ್ವಯಿಸುವುದಿಲ್ಲ. 30ರವರೆಗೂ, ಗಡಿಯಿಂದ 1 ಮೀಟರ್ ದೂರವಿದ್ದರೆ ಅಥವಾ ಬಹುಪಾಲು ಬೆಂಕಿ ಹತ್ತದ ವಸ್ತುವಿನದ್ದಾದರೆ ವಿನಾಯಿತಿ. ಎರಡಕ್ಕೂ ಒಂದೇ ಷರತ್ತು: ಒಳಗೆ ಮಲಗುವ ಏರ್ಪಾಡು ಇರಕೂಡದು. 24 ಚದರ ಮೀಟರಿನ ಈ ಇಟ್ಟಿಗೆ ಗ್ಯಾರೇಜು ಆಫೀಸಾಗಿದ್ದರೆ ಗೋಡೆ, ಛಾವಣಿಯನ್ನು ಯಾರೂ ಕೇಳುತ್ತಿರಲಿಲ್ಲ. ಅಮ್ಮ ಮಲಗುವುದರಿಂದ ಪಾಯದಿಂದ ಛಾವಣಿವರೆಗೆ ಎಲ್ಲವೂ ತಪಾಸಣೆಗೆ ಬಂತು. ಇಂಥ ಕೆಲಸಕ್ಕೆ ಬರೀ ತಿಳಿಸಿ ಕೆಲಸ ಶುರುಮಾಡುವ ಬಿಲ್ಡಿಂಗ್ ನೋಟಿಸಿಗಿಂತ, ಪೂರ್ತಿ ನಕ್ಷೆ ಕೊಟ್ಟು ಮೊದಲೇ ಒಪ್ಪಿಸಿಕೊಳ್ಳುವ ಫುಲ್ ಪ್ಲ್ಯಾನ್ಸ್ ಅರ್ಜಿ ಮೇಲು. ತಕರಾರು ಕಾಗದದ ಮೇಲೇ ಮುಗಿಯುತ್ತದೆ, ಪ್ಲಾಸ್ಟರ್‌ಬೋರ್ಡ್ ಕಿತ್ತು ಮುಗಿಸಬೇಕಾಗುವುದಿಲ್ಲ.

ಎಲ್ಲಕ್ಕೂ ಮೊದಲು ರಸ್ತೆಯಿಂದ ಟೇಪು ಹಿಡಿಯಿರಿ. ಅಗ್ನಿಶಾಮಕ ವಾಹನ ನಿಲ್ಲುವ ಜಾಗದಿಂದ ವಾಸದ ಕಟ್ಟಡದ ಒಳಗಿನ ಯಾವುದೇ ಮೂಲೆಗೂ 45 ಮೀಟರ್ ಮೀರಬಾರದು. ಹಕ್ಕಿ ಹಾರಿದ ದೂರವಲ್ಲ, ನೀರಿನ ಹೋಸು ಎಳೆದುಕೊಂಡು ಹೋಗುವ ದೂರ. ಇಲ್ಲಿ ಮುಂದಿನ ಅಂಗಳ 6, ಮನೆಯ ಪಕ್ಕ 9, ಹಿತ್ತಲು 18, ಗ್ಯಾರೇಜಿನ ಉದ್ದ 6, ಗೇಟಿನ ಬಳಿಯ ತಿರುವಿಗೆ 4. ಒಟ್ಟು 43, ಎರಡೇ ಮೀಟರಿನಲ್ಲಿ ಪಾಸು. ಹಿತ್ತಲು ಇನ್ನಷ್ಟು ಉದ್ದವಿದ್ದರೆ ಸ್ಪ್ರಿಂಕ್ಲರ್ ಹಾಕುವ ಮಾತು ಬರುತ್ತಿತ್ತು. ನಕ್ಷೆ ಬರೆಸಿ ಹಣ ಕೊಟ್ಟ ಮೇಲೆ ಇದು ಗೊತ್ತಾಗುವವರೇ ಹೆಚ್ಚು.

ಪಾಯ ನೋಡಲು ಎರಡು ಬದಿ 60 ಸೆಂಟಿಮೀಟರ್ ಚೌಕದ ಗುಂಡಿ ತೋಡಿಸಬೇಕು. ಗೋಡೆಯಡಿ ಕಾಂಕ್ರೀಟ್ ಎಷ್ಟು ಆಳ, ಮಣ್ಣು ಯಾವುದು, ಹತ್ತಿರ ಮರ ಇದೆಯೇ ಎಂಬುದರ ಮೇಲೆ ಇನ್‌ಸ್ಪೆಕ್ಟರ್ ತೀರ್ಮಾನ. ಬಿರುಕಿಲ್ಲದ ಗೋಡೆ, ಹಳೆಯದಕ್ಕಿಂತ ಭಾರವಲ್ಲದ ಛಾವಣಿ ಇದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಎಡವುವುದು ಗ್ಯಾರೇಜು ಬಾಗಿಲಿದ್ದ ಕಡೆ. ಕಾರು ಒಳಬರಲು ಅಲ್ಲಿ ಬರೀ ಸ್ಲ್ಯಾಬ್ ಅಂಚು ಇರುತ್ತದೆ, ಕೆಳಗೆ ಪಾಯವೇ ಇರುವುದಿಲ್ಲ. ಅದರ ಮೇಲೆ ಇಟ್ಟಿಗೆ ಕಟ್ಟಿದರೆ ಹೊಸ ಗೋಡೆ ಒಂದೆರಡು ಚಳಿಗಾಲದಲ್ಲಿ ಕುಸಿದು ಎರಡೂ ಬದಿ ಸೀಳು ಬಿಡುತ್ತದೆ. 2.1 ಮೀಟರಿನ ಆ ಅಗಲಕ್ಕೆ ಹೊಸ ಪಾಯ ತೋಡಬೇಕು, ಇಲ್ಲವೇ ಎರಡು ಕಡೆಯ ಹಳೆ ಪಾಯದ ಮೇಲೆ ನೆಲಮಟ್ಟದಲ್ಲಿ ಕಾಂಕ್ರೀಟ್ ಲಿಂಟಲ್ ಕೂರಿಸಿ ಅದರ ಮೇಲೆ ಹಗುರವಾದ ಮರದ ಚೌಕಟ್ಟಿನ ಗೋಡೆ ಎಬ್ಬಿಸಬೇಕು.

ಇನ್ನು ತೇವ. ಅರ್ಧ ಇಟ್ಟಿಗೆಯ ಗೋಡೆ ಜಡಿಮಳೆಗೆ ಒಳಮೈವರೆಗೂ ನೆನೆಯುತ್ತದೆ. ಕಾರಿಗೆ ಅದು ಲೆಕ್ಕಕ್ಕಿಲ್ಲ, ಹಾಸಿಗೆಗೆ ಇದೆ. ಇನ್ಸುಲೇಷನ್ ಹಲಗೆಯನ್ನು ಇಟ್ಟಿಗೆಗೇ ಅಂಟಿಸಿ ಪ್ಲಾಸ್ಟರ್‌ಬೋರ್ಡ್ ಬಡಿಯುವುದು ಅಗ್ಗದ ಬಿಲ್ಡರ್‌ಗಳ ಅಭ್ಯಾಸ. ಎರಡನೇ ವರ್ಷಕ್ಕೆ ಮಂಚದ ಹಿಂದೆ ಕಪ್ಪು ಬೂಷ್ಟು ಅದರ ಫಲ. ಗೋಡೆಯಿಂದ 50 ಮಿಲಿಮೀಟರ್ ಬಿಟ್ಟು, ಇಟ್ಟಿಗೆಗೆ ಎಲ್ಲೂ ತಾಗದಂತೆ 89 ಮಿಲಿಮೀಟರಿನ ಮರದ ಚೌಕಟ್ಟು ನಿಲ್ಲಿಸಬೇಕು. ಚೌಕಟ್ಟಿನ ಹೊರಮೈಗೆ ಉಸಿರಾಡುವ ಹಾಳೆ, ಇಟ್ಟಿಗೆಯ ಬುಡದಲ್ಲೂ ನೆತ್ತಿಯಲ್ಲೂ ಗಾಳಿತೂತು. ಮರಗಳ ನಡುವೆ 75 ಮಿಲಿಮೀಟರ್ ಪಿಐಆರ್ (ಗಟ್ಟಿ ನೊರೆಯ ಇನ್ಸುಲೇಷನ್) ಹಲಗೆ, ಅದರ ಮೇಲೆ ಅಡ್ಡಲಾಗಿ ಇನ್ನೊಂದು 25, ಸಂದುಗಳಿಗೆಲ್ಲ ಫಾಯಿಲ್ ಟೇಪು, ಆಮೇಲೆ 12.5ರ ಪ್ಲಾಸ್ಟರ್‌ಬೋರ್ಡ್. ಉಳಿಸಿಕೊಂಡ ಗೋಡೆಗೆ ಬೇಕಾದ ಯು-ವ್ಯಾಲ್ಯೂ (ಶಾಖ ಎಷ್ಟು ಸೋರುತ್ತದೆಂಬ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) 0.30. ಈ ಪದರಗಳಿಂದ ಸುಮಾರು 0.28 ಬರುತ್ತದೆ. ಅಡ್ಡ ಹಾಕುವ 25ನ್ನು ಉಳಿತಾಯವೆಂದು ಬಿಟ್ಟರೆ ಮರದ ಮೂಲಕವೇ ಶಾಖ ಸೋರಿ ಲೆಕ್ಕ ತಪ್ಪುತ್ತದೆ.

ಇದಕ್ಕೆ ತೆರುವ ಬೆಲೆ ಜಾಗ. ಪ್ರತಿ ಗೋಡೆ 180 ಮಿಲಿಮೀಟರ್ ಒಳಬರುತ್ತದೆ. 6 × 4 ಇದ್ದದ್ದು 5.64 × 3.64 ಆಗುತ್ತದೆ. 24 ಚದರ ಮೀಟರಿನಲ್ಲಿ ಸುಮಾರು ಮೂರೂವರೆ ಗೋಡೆಗೇ ಹೋಯಿತು. ಮಂಚ, ಬೀರು, ಶವರ್ ಎಲ್ಲವನ್ನೂ ಹಳೆ ಅಳತೆಯ ಮೇಲೆ ನಕ್ಷೆ ಬರೆದು ತಂದರೆ ಬಾತ್‌ರೂಮಿನ ಬಾಗಿಲು ಮಂಚಕ್ಕೆ ಬಡಿಯುತ್ತದೆ.

ನೆಲಕ್ಕೆ 1200 ಗೇಜಿನ ಪಾಲಿಥೀನ್ ಹಾಳೆ, ಅಂಚನ್ನು ಗೋಡೆಯ ಮೇಲೆ ಎತ್ತಿ ತೇವತಡೆ ಪದರಕ್ಕೆ ಕೂಡಿಸಿ, ಅದರ ಮೇಲೆ 75 ಪಿಐಆರ್, 22ರ ಚಿಪ್‌ಬೋರ್ಡ್, 10ರ ನೆಲಹಾಸು. ಹೊರಗಿನ ಮಣ್ಣು ತೇವತಡೆ ಪದರಕ್ಕಿಂತ 150 ಮಿಲಿಮೀಟರ್ ಕೆಳಗಿರಬೇಕು. ಇಲ್ಲಿ ಸ್ಲ್ಯಾಬೇ ನೆಲದಿಂದ 40 ಮಿಲಿಮೀಟರ್ ಮಾತ್ರ ಮೇಲಿದೆ. ಹಾಗಾಗಿ ಸುತ್ತ ಮಣ್ಣು ತಗ್ಗಿಸಿ ಜಲ್ಲಿ ತುಂಬಿಸುವುದು ಕಡ್ಡಾಯ. ಬೇಲಿ ಕಡೆಯ 60 ಸೆಂಟಿಮೀಟರ್ ಸಂದಿಯಲ್ಲಿ ಈ ಕೆಲಸ ಸಲಿಕೆ ಹಿಡಿದವನ ತಾಳ್ಮೆ ಪರೀಕ್ಷಿಸುತ್ತದೆ. ಎಲ್ಲ ಮುಗಿದ ಮೇಲೆ ಒಳಗಿನ ತಲೆಯೆತ್ತರ ಸುಮಾರು 2.14 ಮೀಟರ್. ಇಂಗ್ಲೆಂಡಿನ ಬಿಲ್ಡಿಂಗ್ ರೆಗ್ಯುಲೇಷನ್ಸ್ ಕೋಣೆಗೆ ಕನಿಷ್ಠ ಎತ್ತರ ಹೇಳುವುದಿಲ್ಲವಾದ್ದರಿಂದ ಇದು ನಡೆಯುತ್ತದೆ.

ಛಾವಣಿ ಹೊಸದಾದ್ದರಿಂದ ಅದಕ್ಕೆ ಬಿಗಿ ಲೆಕ್ಕ, ಯು-ವ್ಯಾಲ್ಯೂ 0.15. ಮೇಲೆ ಹೇಳಿದ 140 ಮಿಲಿಮೀಟರ್ ಪಿಐಆರ್ ಬಂದದ್ದು ಅಲ್ಲಿಂದ. ಎತ್ತರ ಉಳಿಸಲು ಅದನ್ನು ತೊಲೆಗಳ ನಡುವೆ ತುರುಕಿದರೆ ಮೇಲೆ 50 ಮಿಲಿಮೀಟರ್ ಗಾಳಿ ಆಡುವ ಜಾಗ ಬಿಡಬೇಕು. ಅದು ಸರಿಯಾಗಿ ಆಡದಿದ್ದರೆ ಹಲಗೆ ಒಳಗೊಳಗೇ ಕೊಳೆಯುತ್ತದೆ. ಪರ್ಮಿಷನ್ ಹೇಗೂ ಕೇಳುತ್ತಿರುವಾಗ ಹಲಗೆಯ ಮೇಲೆ ಹಾಕುವುದೇ ಜಾಣತನ. ಹಳೆ ಆಸ್ಬೆಸ್ಟಾಸ್ ಶೀಟನ್ನು ಒಡೆಯದೆ, ನೀರು ಚಿಮುಕಿಸಿ, ಸ್ಕ್ರೂ ಬಿಚ್ಚಿ ಇಡಿಯಾಗಿ ಇಳಿಸಿ, ಎರಡು ಪದರ ಪಾಲಿಥೀನಿನಲ್ಲಿ ಸುತ್ತಿ, ಅದನ್ನು ತೆಗೆದುಕೊಳ್ಳುವ ಕಸದ ತಾಣಕ್ಕೇ ಕಳಿಸಬೇಕು. ಸ್ಕಿಪ್ಪಿನಲ್ಲಿ ಬಚ್ಚಿಟ್ಟು ಕಳಿಸುವವರಿದ್ದಾರೆ. ಸಿಕ್ಕಿಬಿದ್ದರೆ ಪೂರ್ತಿ ಸ್ಕಿಪ್ಪಿನ ಖರ್ಚು ಮೈಮೇಲೆ.

ಕಿಟಕಿಯದ್ದೊಂದು ಲೆಕ್ಕ ಹತ್ತಿರದಿಂದ ನೋಡುವಂಥದ್ದು. ಬೆಂಕಿ ಬಿದ್ದಾಗ ಹೊರಬೀಳುವ ಕಿಟಕಿಯ ಬಾಯಿ ಕನಿಷ್ಠ 0.33 ಚದರ ಮೀಟರ್, ಅಗಲ ಎತ್ತರ ಎರಡೂ 450 ಮಿಲಿಮೀಟರಿಗೆ ಕಡಿಮೆ ಇಲ್ಲ, ತೆರೆಯುವ ಭಾಗದ ಬುಡ ನೆಲದಿಂದ 1.1 ಮೀಟರ್ ಮೀರಕೂಡದು. "450 × 450 ಸಾಕಂತೆ" ಎಂದು ತಂದವರ ಕಿಟಕಿ 0.20. ಒಂದು ಕಡೆ 450 ಆದರೆ ಇನ್ನೊಂದು 735 ಬೇಕು. 700 ಆದರೂ 0.315, ಫೇಲು. ಅದೂ ಚೌಕಟ್ಟಿನ ಅಳತೆಯಲ್ಲ, ಪೂರ್ತಿ ತೆರೆದಾಗ ಮೈ ತೂರಿಸಲು ನಿಜವಾಗಿ ಸಿಗುವ ಸಂದು. ಮಾಮೂಲಿ ಹಿಂಜು ಆ ಸಂದಿನ ಒಂದಷ್ಟನ್ನು ನುಂಗುತ್ತದೆ. ಆರ್ಡರ್ ಕೊಡುವಾಗಲೇ ಎಗ್ರೆಸ್ ಹಿಂಜು, ಅಂದರೆ ಕಿಟಕಿ ಪೂರ್ತಿ ತೆರೆಯುವಂಥದ್ದು, ಎಂದು ಬರೆಸಬೇಕು. ಮಲಗುವ ಕೋಣೆಯಿಂದ ಇನ್ನೊಂದು ಕೂರುವ ಕೋಣೆ ದಾಟಿಯೇ ಹೊರಬರಬೇಕಾದ ನಕ್ಷೆಗೆ ಈ ಕಿಟಕಿ ಬಿಟ್ಟು ಗತಿಯಿಲ್ಲ. ಇದರ ಜೊತೆಗೆ ಕರೆಂಟಿನಿಂದ ನಡೆಯುವ, ಬ್ಯಾಟರಿ ಬೆಂಬಲವಿರುವ ಸ್ಮೋಕ್ ಅಲಾರಂ. ಅದನ್ನು ದೊಡ್ಡ ಮನೆಯ ಅಲಾರಂಗೆ ರೇಡಿಯೋ ಮೂಲಕ ಜೋಡಿಸಿದರೆ ಇನ್ನೂ ಒಳ್ಳೆಯದು. 18 ಮೀಟರ್ ಆಚೆ ಅಮ್ಮನ ಕೋಣೆಯಲ್ಲಿ ಕೂಗಿದ್ದು ಮಕ್ಕಳಿಗೆ ಕೇಳಬೇಕಲ್ಲ.

ಚರಂಡಿಯ ಇಳಿಜಾರು ಎಷ್ಟೋ ನಕ್ಷೆಗಳನ್ನು ಮುಳುಗಿಸುತ್ತದೆ. ಮನೆಯ ಹತ್ತಿರದ ಚೇಂಬರಿನಲ್ಲಿ (ಚರಂಡಿಯ ತಪಾಸಣೆ ಗುಂಡಿಯಲ್ಲಿ) ಪೈಪಿನ ತಳ ನೆಲದಿಂದ 650 ಮಿಲಿಮೀಟರ್ ಆಳ, ದೂರ 20 ಮೀಟರ್. 1:40ರಲ್ಲಿ ಇಳಿಸಿದರೆ 500 ಬೇಕು, ಗ್ಯಾರೇಜಿನ ಬಳಿ ಪೈಪಿನ ತಳಕ್ಕೆ ಉಳಿಯುವುದು 150, ಅಂದರೆ ಪೈಪು ಹುಲ್ಲಿನ ಬೇರಿಗೇ ತಾಗುತ್ತದೆ. ಶೌಚಾಲಯ ಸೇರಿದ 100 ಮಿಲಿಮೀಟರ್ ಪೈಪಿಗೆ 1:80 ಸಾಕು. ಆಗ ಇಳಿತ 250, ಆರಂಭದ ಆಳ 400. ಬರೀ ಬೇಸಿನ್, ಶವರ್ ನೀರಾದರೆ ಈ 1:80 ಸಲ್ಲುವುದಿಲ್ಲ, ಪೈಪು ತೊಳೆದುಕೊಳ್ಳಲು ಫ್ಲಶ್ಶಿನ ರಭಸ ಬೇಕು. ಹಿತ್ತಲಲ್ಲಿ ಪ್ಲಾಸ್ಟಿಕ್ ಪೈಪಿನ ಮೇಲೆ 600 ಮಿಲಿಮೀಟರ್ ಮಣ್ಣು ಇರಬೇಕೆಂಬ ನಿಯಮ ಇಲ್ಲಿ ಈಡೇರದ್ದರಿಂದ ಪೈಪಿನ ಮೇಲೆ 75 ಮಿಲಿಮೀಟರ್ ಜಲ್ಲಿ, ಅದರ ಮೇಲೆ ಕಾಂಕ್ರೀಟ್ ಚಪ್ಪಡಿ. ಮುಚ್ಚುವ ಮೊದಲು ಇನ್‌ಸ್ಪೆಕ್ಟರ್ ಪರೀಕ್ಷೆ ನೋಡಬೇಕು. ನೆರೆಮನೆಯ ಜೊತೆ ಹಂಚಿಕೊಂಡ ಚರಂಡಿಗಳು 2011ರ ಅಕ್ಟೋಬರ್ 1ರಿಂದ ನೀರಿನ ಕಂಪನಿಯ ಸ್ವತ್ತು. ಅದರ 3 ಮೀಟರ್ ಒಳಗೆ ಪಾಯ ತೋಡುವುದಾದರೆ ಅವರ ಒಪ್ಪಿಗೆ ಬೇಕು. ಕುಡಿಯುವ ನೀರಿನ ಪೈಪು ಕನಿಷ್ಠ 750 ಮಿಲಿಮೀಟರ್ ಆಳದಲ್ಲಿರಬೇಕು, ಇಲ್ಲದಿದ್ದರೆ ಹಿಮಗಾಲದಲ್ಲಿ ಕಟ್ಟಿಕೊಳ್ಳುತ್ತದೆ.

ಕರೆಂಟಿಗೆ ನೆಲದಡಿ ಉಕ್ಕಿನ ಕವಚದ ಎಸ್‌ಡಬ್ಲ್ಯೂಎ ಕೇಬಲ್. 8.5 ಕಿಲೋವಾಟಿನ ಶವರೊಂದೇ 37 ಆಂಪ್ ಎಳೆಯುತ್ತದೆ, ಆದ್ದರಿಂದ 10 ಚದರ ಮಿಲಿಮೀಟರಿಗಿಂತ ಸಣ್ಣದು ಬೇಡ. 25 ಮೀಟರಿನಲ್ಲಿ 40 ಆಂಪಿಗೆ ವೋಲ್ಟೇಜು ಇಳಿಯುವುದು ಸುಮಾರು 4.7, ಅಂದರೆ ಶೇಕಡಾ 2. ದೀಪಕ್ಕಿರುವ ಶೇಕಡಾ 3ರ ಮಿತಿಯೊಳಗೆ. ಹಳೆ ಶೆಡ್ಡಿಗೆ ಎಳೆದಿದ್ದ 2.5ರ ಕೇಬಲಿಗೇ ಶವರ್ ಜೋಡಿಸುವುದು ಬೆಂಕಿಗೆ ದಾರಿ. ಶವರಿನ ಹಬೆಗೆ ಸೆಕೆಂಡಿಗೆ 15 ಲೀಟರ್ ಎಳೆಯುವ ಫ್ಯಾನು.

ಈ ಮಾದರಿಯಲ್ಲಿ ಕೆಲಸ ನಿಂತದ್ದು ಬೇರೆ ಕಾರಣಕ್ಕೆ. ಇನ್ಸುಲೇಷನ್ ಮುಗಿದದ್ದು ಶುಕ್ರವಾರ, ಇನ್‌ಸ್ಪೆಕ್ಟರ್ ಬರಬೇಕಿದ್ದದ್ದು ಸೋಮವಾರ, ಪ್ಲಾಸ್ಟರ್‌ಬೋರ್ಡಿನವನು ಬಿಡುವಿದ್ದದ್ದು ಶನಿವಾರ. ಒಂದು ಗೋಡೆಯ ಬೋರ್ಡು ಬಿಚ್ಚಿ ತೋರಿಸಬೇಕಾಯಿತು. ಟೇಪು ಹಿಡಿದು ತೆಗೆದ ಫೋಟೋ ಇದ್ದರೆ ಕೆಲವು ಇನ್‌ಸ್ಪೆಕ್ಟರುಗಳು ಒಪ್ಪುತ್ತಾರೆ, ಆದರೆ ಅದು ಅವರ ದಾಕ್ಷಿಣ್ಯ, ನಿಮ್ಮ ಹಕ್ಕಲ್ಲ. ಕೊನೆಯ ಕಂಪ್ಲೀಷನ್ ಸರ್ಟಿಫಿಕೇಟ್ ಇಲ್ಲದೆ ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಬಿಡುವುದಿಲ್ಲ. ನಿಯಮ ಮೀರಿದ ಕೆಲಸ ಕೆಡವಿಸುವ ನೋಟಿಸಿಗೆ ಇದ್ದ ಒಂದು ವರ್ಷದ ಗಡುವೂ 2023ರ ಅಕ್ಟೋಬರಿನಿಂದ ಹತ್ತು ವರ್ಷವಾಗಿದೆ.

ಅಡುಗೆಕಟ್ಟೆ ಬೇಕೇ

ಪ್ಲ್ಯಾನಿಂಗ್‌ಗೆ ಬಳಕೆ ಮುಖ್ಯ, ಸೌಕರ್ಯವಲ್ಲ. ಕೌನ್ಸಿಲ್ ಟ್ಯಾಕ್ಸ್‌ಗೆ ಸರಿಯಾಗಿ ಇದರ ಉಲ್ಟಾ. 1992ರ ಚಾರ್ಜೆಬಲ್ ಡ್ವೆಲಿಂಗ್ಸ್ ಆರ್ಡರ್ ಪ್ರಕಾರ, ಪ್ರತ್ಯೇಕ ವಾಸಕ್ಕೆಂದು ಕಟ್ಟಿದ ಅಥವಾ ಮಾರ್ಪಡಿಸಿದ ಭಾಗ ಬೇರೆ ಮನೆ ಎಂದೇ ಲೆಕ್ಕ. ಮಲಗುವ ಜಾಗ, ಸ್ನಾನ, ಅಡುಗೆ ಮೂರೂ ಇದ್ದರೆ ಮನೆಗಳ ಬೆಲೆ ಕಟ್ಟುವ ವ್ಯಾಲ್ಯುಯೇಷನ್ ಆಫೀಸ್ ಅದಕ್ಕೆ ಬೇರೆ ಬ್ಯಾಂಡ್, ಅಂದರೆ ಬೇರೆ ತೆರಿಗೆ ದರ್ಜೆ, ಕೊಡಬಹುದು, ಅಮ್ಮ ಮೂರೂ ಹೊತ್ತು ದೊಡ್ಡ ಮನೆಯಲ್ಲೇ ಉಂಡರೂ. 65 ದಾಟಿದ ಅವಲಂಬಿತ ಬಂಧು ವಾಸವಿರುವವರೆಗೆ ಕ್ಲಾಸ್ ಡಬ್ಲ್ಯೂ ವಿನಾಯಿತಿ ಸಿಗುತ್ತದೆ. ಮನೆಯವರೇ ಬೇರೆ ಯಾರಾದರೂ ಇದ್ದರೆ 2014ರಿಂದ ಶೇಕಡಾ 50 ರಿಯಾಯಿತಿ ಇದೆ. ಖಾಲಿ ಬಿದ್ದಾಗ, ಬೇರೆಯಾಗಿ ಬಾಡಿಗೆಗೆ ಕೊಡುವುದನ್ನು ಪ್ಲ್ಯಾನಿಂಗ್ ಷರತ್ತು ತಡೆಯುವುದಾದರೆ, ಕ್ಲಾಸ್ ಟಿ ವಿನಾಯಿತಿ. ಪ್ರತಿ ಬಾರಿಯೂ ಅರ್ಜಿ ಹಾಕಿ ಕೇಳಬೇಕು, ತಾನಾಗಿ ಬರುವುದಿಲ್ಲ.

ಹಾಗಾಗಿ ಈ ಮನೆಯಲ್ಲಿ ಸಿಂಕು, ಹಾಬು (ಕಟ್ಟೆಗೆ ಕೂರಿಸುವ ಒಲೆ) ಎರಡನ್ನೂ ನಕ್ಷೆಯಿಂದ ಹೊಡೆದು ಹಾಕಿ, ಗೋಡೆಯ ಪಕ್ಕ ಕೆಟಲಿಗೆ ಒಂದು ಪ್ಲಗ್ಗು, ಹಾಲಿಗೆ ಪುಟ್ಟ ಫ್ರಿಜ್ಜು ಇಟ್ಟದ್ದು ಸರಿಯಾದ ನಿರ್ಧಾರ. "ಮುಂದಕ್ಕೆ ಬೇಕಾದೀತು" ಎಂದು ಎಲೆಕ್ಟ್ರಿಷಿಯನ್ ಗೋಡೆಯೊಳಗೆ ಕುಕ್ಕರಿನ ಕೇಬಲ್ ಬಿಟ್ಟು ಮುಚ್ಚಳ ಹಾಕಲು ಹೊರಟದ್ದನ್ನೂ ತೆಗೆಸಬೇಕಾಯಿತು. ಪರಿಶೀಲಿಸಲು ಬಂದವರ ಕಣ್ಣು ಮೊದಲು ಹೋಗುವುದು ಅಂಥ ಮುಚ್ಚಳದ ಮೇಲೇ.

ಅಮ್ಮ ಇಲ್ಲದ ದಿನ ಬಂದರೆ ಕೋಣೆಯನ್ನು ಮಕ್ಕಳ ಓದಿಗೋ, ಬರುವ ನೆಂಟರಿಗೋ ಬಳಸಲು ಯಾರನ್ನೂ ಕೇಳಬೇಕಿಲ್ಲ. ಹೊರಗಿನವರಿಗೆ ಬಾಡಿಗೆಗೆ ಕೊಡುವುದಾದರೆ ಅದು ಬೇರೆ ಮನೆ. ಮೊದಲಿನಿಂದ ಹೊಸ ಅರ್ಜಿ.